ಕುದಿಸಿ ಆರಿಸಿದ ನೀರು

ಕುದಿಸಿ ಆರಿಸಿದ ನೀರಿನಲ್ಲಿ ಏನೂ ಇರಬಾರದು. ಇರಲೂ ಇಲ್ಲ. ಬೆಳಿಗ್ಗೆ ಏಳೂವರೆಯಿಂದ ಅವಳು ಹೊಸ ಡ್ರಾಪರಿನಲ್ಲಿ ಹನಿ ಹನಿಯಾಗಿ ತೆಗೆದು, ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕದಡಿ ಎಡಗಡೆಯ ಮೇಲಿನ ಮೂಲೆಯಿಂದ ಬಲಗಡೆಯ ಕೆಳಗಿನ ಮೂಲೆಯವರೆಗೆ ಪ್ರೂಫ್ ಓದುವ ಹಾಗೆ ಸಾಲು ಬಿಡದೆ ನೋಡಿದ್ದಳು. ಬರೀ ಬೆಳಕು. ಹೋದ ಭಾನುವಾರ ಟ್ಯಾಂಕಿನಿಂದ ತುಂಬಿಸಿಟ್ಟಿದ್ದ ಬಾಟಲಿಯ ಬಿರಡೆ ತೆಗೆದು ಅದರಿಂದಲೂ ಹೊಸ ಡ್ರಾಪರಿನಲ್ಲೇ ಹನ್ನೆರಡು ಹನಿ ನೋಡಿದಳು. ಅದರಲ್ಲೂ ಬರೀ ಬೆಳಕು. ಆಮೇಲೆ ಮಾಡಲು ಒಂದೇ ಉಳಿದಿತ್ತು. ಅದನ್ನು ಮಾಡುವ ಮೊದಲು ಎದ್ದು ಹೋಗಿ ಮುಖ ತೊಳೆದುಕೊಂಡಳು, ಹಾಸಿಗೆ ಮಡಚಿದಳು, ಬಾಗಿಲ ಚಿಲಕ ಸರಿಯಾಗಿದೆಯೇ ಎಂದು ನೋಡಿ ಬಂದಳು. ಕಿಟಕಿಯ ಕಟ್ಟೆಯ ಮೇಲೆ ಲೋಟದಲ್ಲಿ ನಿಂತಿದ್ದ ಹಳೆಯ ಡ್ರಾಪರಿನಲ್ಲಿ ಕುದಿಸಿ ಆರಿಸಿದ ನೀರನ್ನು ಎಳೆದು ಒಂದು ಹನಿ ಬಿಟ್ಟಳು. ನಾಲ್ಕಾರು ಕಂದು ಉಂಡೆಗಳು, ಇಟ್ಟಿಗೆಯ ಕೆಂಪು ಪುಡಿ, ಒಂದು ಹಸಿರು ಚೂರು. ಉಂಡೆ ಎಂದರೆ ಧೂಳೂ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಗಡಿಯಾರ ನೋಡಿಕೊಂಡು ಕೂತಳು. ಇಪ್ಪತ್ತೆರಡನೆಯ ನಿಮಿಷಕ್ಕೆ ಒಂದು ಉಂಡೆ ಸ್ವಲ್ಪ ಉದ್ದವಾಯಿತು. ನಿದ್ದೆಯಿಂದ ಎದ್ದವರು ಮೈಮುರಿಯುವ ಹಾಗೆ ಒಮ್ಮೆ ಹಿಗ್ಗಿತು, ಕುಗ್ಗಿತು, ಮತ್ತೆ ಹಿಗ್ಗಿತು. ಒಂದು ತುದಿಯಿಂದ ಕಾಲು ಹೊರಬಂದು ಗಾಜಿಗೆ ಅಂಟಿಕೊಂಡಿತು, ಇನ್ನೊಂದು ತುದಿ ತೆರೆದುಕೊಂಡು ಎರಡು ಗಾಲಿಗಳು ತಿರುಗತೊಡಗಿದವು.

ಬೇರೆ ದಿನವಾಗಿದ್ದರೆ ಅದು ಅವಳಿಗೆ ಹಬ್ಬ. ಗಾಲಿಜೀವಿ ಎಂದು ಅವಳೇ ಕರೆಯುತ್ತಿದ್ದ ಆ ಪ್ರಾಣಿ ಅಕ್ಕಿಕಾಳಿನ ಇಪ್ಪತ್ತರಲ್ಲೊಂದು ಪಾಲೂ ಉದ್ದವಿಲ್ಲ. ಗಾಲಿ ಎಂದರೂ ಅದು ಗಾಲಿಯಲ್ಲ, ಒಂದರ ಹಿಂದೊಂದು ಬಾಗುವ ರೋಮಗಳ ಸಾಲು. ಕಣ್ಣಿಗೆ ಮಾತ್ರ ತಿರುಗಿದಂತೆ ಕಾಣುತ್ತದೆ. ಎದೆಯ ನಡುವೆ ಮಿಡಿಯುವುದು ಹೃದಯವಲ್ಲ, ದವಡೆ. ನೀರು ಆರಿದರೆ ತಲೆ ಕಾಲು ಒಳಗೆಳೆದುಕೊಂಡು ಉಂಡೆಯಾಗಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸತ್ತಂತಿದ್ದು, ನೀರು ತಾಗಿದಾಗ ಏಳುತ್ತದೆ. ಇದೆಲ್ಲ ಅವಳಿಗೆ ಹತ್ತು ವರ್ಷದಿಂದ ಗೊತ್ತಿತ್ತು. ಬೇರೆಯವರಿಗೆ ಗೊತ್ತಿಲ್ಲದಿದ್ದರೆ ತಪ್ಪಲ್ಲ. ಡ್ರಾಪರನ್ನು ಎರಡು ಸಲ ನಲ್ಲಿ ನೀರಿನಲ್ಲಿ ಹಿಂಡಿ, ಒಣಗಿದೆ, ಚೊಕ್ಕವಾಗಿದೆ ಎಂದುಕೊಳ್ಳುವ ತಪ್ಪನ್ನು ಯಾರಾದರೂ ಮಾಡಬಹುದು, ಅವಳು ಮಾಡುವ ಹಾಗಿರಲಿಲ್ಲ.

ಮೊಬೈಲು ಬಡಿದುಕೊಂಡಿತು. ಭಾನುವಾರ ಒಂಬತ್ತೂವರೆಗೆ ತಂಗಿ ಮಾಡುವ ಕರೆ. "ಏನು ಮಾಡ್ತಿದೀಯಕ್ಕ?" ಎಂದಳು ತಂಗಿ. ಹಿಂದೆ ಪಾತ್ರೆಗಳ ಸದ್ದು, ಯಾರೋ ಯಾರನ್ನೋ ಸ್ನಾನಕ್ಕೆ ಕೂಗುವ ಸದ್ದು. "ನೋಡ್ತಾ ಇದೀನಿ." "ಅಯ್ಯೋ, ಅದನ್ನ ಬಿಟ್ಟು ಮನುಷ್ಯರನ್ನೂ ಸ್ವಲ್ಪ ನೋಡಕ್ಕ. ದೊಡ್ಡದಾಗೇ ಕಾಣ್ತಾರೆ, ಮಿಷನ್ ಬೇಡ." ವಾರವಾರವೂ ಹೇಳುವ ತಮಾಷೆ, ವಾರವಾರವೂ ಇಬ್ಬರೂ ನಗುತ್ತಿದ್ದರು. ಇವತ್ತು ಅವಳಿಗೆ ನಗುವುದು ಮರೆತುಹೋಯಿತು. "ಹೋದ್ವಾರ ಹೇಳಿದ್ಯಲ್ಲ, ಮನೆ ತುಂಬ ಜನ ಬಂದಿದ್ರು ಅಂತ. ಮತ್ತೆ ಬಂದ್ರಾ?" "ಇಲ್ಲ." "ಬರ್ತಾರೆ ಬಿಡು, ಈಗ ನೀನು ದೊಡ್ಡ ಮನುಷ್ಯಳಾದೆ." ತಂಗಿ ಇಟ್ಟ ಮೇಲೆ ಅವಳು ಮತ್ತೆ ಕಣ್ಣಿಟ್ಟಾಗ ಉಳಿದ ಉಂಡೆಗಳಲ್ಲಿ ಇನ್ನೊಂದು ತೆರೆದುಕೊಂಡಿತ್ತು.

ಹೌದು, ಜನ ಬಂದಿದ್ದರು. ಆರು ಜನ. ಆ ಕಟ್ಟಡದಲ್ಲಿ ಹದಿನಾರು ಮನೆ. ಹದಿನಾಲ್ಕು ವರ್ಷದಲ್ಲಿ ಅವಳ ಬಾಗಿಲು ತಟ್ಟಿದವರು ಮೀಟರ್ ಓದುವವನು, ಮನೆ ತಪ್ಪಿ ಬಂದವರು, ಮತ್ತೆ ಪಂಪು ಹಾಕುವ ನೀರಣ್ಣ. ಮಕ್ಕಳು ಅವಳನ್ನು ಭೂತಗನ್ನಡಿ ಆಂಟಿ ಎನ್ನುವುದು ಅವಳಿಗೆ ಗೊತ್ತಿತ್ತು. ಮೊದಮೊದಲು ಭೂತ ಎಂಬ ಮಾತಷ್ಟೇ ಕಿವಿಗೆ ಬೀಳುತ್ತಿತ್ತು, ಆಮೇಲೆ ರೂಢಿಯಾಯಿತು. ಎಂಟು ದಿನದ ಹಿಂದೆ, ಶನಿವಾರ ಸಂಜೆ, ಮೆಟ್ಟಿಲಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿ ತಡೆದು ನಿಲ್ಲಿಸಿ, "ನಿಮ್ಮ ಹತ್ರ ಆ ಮಿಷನ್ ಇದೆಯಂತಲ್ಲ? ಮೊಮ್ಮಗೂಗೆ ನಾಲ್ಕು ದಿನದಿಂದ ಹೊಟ್ಟೆ ಸರಿಯಿಲ್ಲ. ನಮ್ಮ ನೀರು ಒಂದ್ಸಲ ನೋಡಿಬಿಡ್ತೀರಾ?" ಎಂದಾಗ, ಅವಳು ಗಂಟಲು ಸರಿಮಾಡಿಕೊಂಡು "ನೋಡಬಹುದು" ಎಂದಿದ್ದಳು. ಒಳಗೆ ಬಂದು ಅರ್ಧ ಗಂಟೆ ಕುರ್ಚಿಗಳ ಲೆಕ್ಕ ಹಾಕಿದ್ದಳು. ಇದ್ದದ್ದು ಎರಡು. ಒಂದು ಪೆಟ್ಟಿಗೆಯ ಮೇಲೆ ದುಪ್ಪಟಿ ಹಾಸಿ ಮೂರು ಮಾಡಿದಳು. ಭಾನುವಾರ ಬೆಳಿಗ್ಗೆ ತಾನೇ ತಾರಸಿಗೆ ಹೋಗಿ, ಟ್ಯಾಂಕಿನ ಮುಚ್ಚಳ ಸರಿಸಿ, ಕುದಿನೀರಿನಲ್ಲಿ ಬೇಯಿಸಿದ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಬಂದಳು. ಬಾಟಲಿಯನ್ನು ಬೇಯಿಸಿದ್ದಳು. ಡ್ರಾಪರಿನ ರಬ್ಬರು ಬಿಸಿಗೆ ಹಾಳಾಗುತ್ತದೆಂದು ಅದನ್ನು ಬೇಯಿಸಿರಲಿಲ್ಲ.

ಮೊದಲ ಹನಿಯಲ್ಲೇ ಗಾಲಿಜೀವಿ ಸಿಕ್ಕಿತು. ಎಷ್ಟು ಖುಷಿಯಾಗಿತ್ತು ಅವಳಿಗೆ. ಬಂದವರಿಗೆ ತೋರಿಸಲು ಏನೂ ಇಲ್ಲದೆ ಹೋದರೆ ಎಂದು ರಾತ್ರಿಯೆಲ್ಲ ಹೆದರಿದ್ದಳು.  ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. "ಅಬ್ಬಬ್ಬಾ, ಹುಳ," ಎಂದರು. "ಓಡಾಡ್ತಿದೆ." "ಇದನ್ನೇನಾ ನಾವು ಕುಡೀತಿರೋದು?" ಅವಳು ಕೋಲು ಹಿಡಿದು ನಿಂತ ಮೇಷ್ಟ್ರ ಹಾಗೆ ಒಂದೊಂದನ್ನೂ ವಿವರಿಸಿದಳು, ಇದು ದವಡೆ, ಇದು ಕಾಲು, ಇವುಗಳಲ್ಲಿ ಗಂಡು ಎಂಬುದೇ ಇಲ್ಲ, ಎಲ್ಲವೂ ಹೆಣ್ಣೇ, ತಮ್ಮಷ್ಟಕ್ಕೆ ತಾವೇ ಮೊಟ್ಟೆಯಿಡುತ್ತವೆ. ಎದುರುಮನೆಯಾಕೆ ಅವಳ ಒಂಟಿ ಮಂಚವನ್ನೂ ಒಂದೇ ತಟ್ಟೆಯನ್ನೂ ನೋಡುತ್ತ, "ನಿಮ್ಮ ಹಾಗೇ ಅನ್ನಿ," ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚೇ. ಇದು ಯಾರಿಗೂ ಏನೂ ಮಾಡುವುದಿಲ್ಲ, ಕುಡಿದರೂ ತೊಂದರೆಯಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಎಲ್ಲರೂ ಎದ್ದು ಹೋಗಿಬಿಡುತ್ತಾರೆ ಅನಿಸಿತು. ಕಾರ್ಯದರ್ಶಿ ಕಣ್ಣೊರೆಸಿಕೊಂಡು, "ಇದು ನಮ್ಮ ಟ್ಯಾಂಕಿಂದೇ ತಾನೇ?" ಎಂದು ಕೇಳಿದ. "ಹೌದು," ಎಂದಳು. ಆ ಹೌದು ಎಷ್ಟು ಚುರುಕಾಗಿತ್ತೆಂದರೆ ಇವತ್ತಿಗೂ ಕೋಣೆಯಲ್ಲೆಲ್ಲೋ ನಿಂತಿರುವಂತಿದೆ.

ಸೋಮವಾರ ಸಂಜೆ ಕೆಲಸದಿಂದ ಬರುವಾಗ ಕೆಳಗಿನ ಫಲಕದಲ್ಲಿ ನೋಟೀಸು ಬಿದ್ದಿತ್ತು. ಸೂಕ್ಷ್ಮದರ್ಶಕದ ಪರೀಕ್ಷೆಯಲ್ಲಿ ಟ್ಯಾಂಕಿನ ನೀರಿನಲ್ಲಿ ಹುಳುಗಳು ಕಂಡುಬಂದಿರುವುದರಿಂದ, ನೀರಿನ ಕೆಲಸದವರನ್ನು ಈ ಭಾನುವಾರದಿಂದ ಬಿಡಿಸಲಾಗಿದೆ. ಮುಂದೆ ಈ ಕೆಲಸವನ್ನು ಕಂಪನಿಯೊಂದು ನೋಡಿಕೊಳ್ಳುತ್ತದೆ. ಅವಳು ಓದಿದಳು. ಭಾನುವಾರದ ತಾರೀಖು ತಪ್ಪಾಗಿತ್ತು, ಹದಿನೆಂಟರ ಬದಲು ಹತ್ತೊಂಬತ್ತು. ಚೀಲದಿಂದ ಕೆಂಪು ಪೆನ್ನು ತೆಗೆದು, ತಾರೀಖು ಹೊಡೆದು, ಅಂಚಿನಲ್ಲಿ ಸರಿಯಾದದ್ದನ್ನು ಬರೆದು ಮೇಲೆ ಹೋದಳು. ನೀರಿನ ಕೆಲಸದವರು ಎಂದರೆ ನೀರಣ್ಣ ಎಂಬುದು ಎರಡನೆಯ ಮಹಡಿಯ ತಿರುವಿನಲ್ಲಿ ಹೊಳೆಯಿತು. ನಿಂತಳು. ಟ್ಯಾಂಕು ಕೊಳೆಯಾಗಿದ್ದದ್ದು ನಿಜ ತಾನೇ, ನಾನೇನು ಸುಳ್ಳು ಹೇಳಿದೆನೆ ಎಂದುಕೊಂಡು ಉಳಿದ ಮೆಟ್ಟಿಲು ಹತ್ತಿದಳು.

ಅವಳ ಕೆಲಸ ಔಷಧಿಯ ಡಬ್ಬಿಗಳೊಳಗೆ ಮಡಚಿಡುವ ಕಾಗದಗಳನ್ನು ತಿದ್ದುವುದು. ಇರುವೆ ಸಾಲಿನಂಥ ಅಕ್ಷರ. ಒಂದು ಸೊನ್ನೆ ಹೆಚ್ಚಾದರೆ ಯಾರದೋ ಜೀವ. ಎಡಗಡೆ ಮೂಲ, ಬಲಗಡೆ ಪ್ರತಿ, ಅಡಿಗೋಲನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಎರಡನ್ನೂ ಹೋಲಿಸಬೇಕು. ಮೊದಲು ಜೊತೆಗೊಬ್ಬರು ಇರುತ್ತಿದ್ದರು, ಗಟ್ಟಿಯಾಗಿ ಓದುವವರು. ಓದುವಕ್ಕ ಎಂದೇ ಹೆಸರು. ದಿನಕ್ಕೆ ಎರಡು ಬಾರಿ ಅಲ್ಪವಿರಾಮ ಊಟದ ನಂತರ ಪೂರ್ಣವಿರಾಮ ಎಂದು ಹತ್ತೊಂಬತ್ತು ವರ್ಷ ಓದಿ, ಟೀ ಕುಡಿಯುವಾಗಲೂ "ಸಕ್ಕರೆ ಕಡಿಮೆ, ಪೂರ್ಣವಿರಾಮ" ಎನ್ನುತ್ತಿದ್ದ ಆಕೆ ನಿವೃತ್ತರಾದ ಮೇಲೆ ಆ ಕುರ್ಚಿಯನ್ನು ಎತ್ತಿಬಿಟ್ಟರು. ಈಗ ಇವಳೇ ಮನಸ್ಸಿನಲ್ಲಿ ಓದಿಕೊಳ್ಳುತ್ತಾಳೆ. ಶುಕ್ರವಾರ ಮಧ್ಯಾಹ್ನ, ಕೆಲಸ ಕಡಿಮೆಯಿದ್ದಾಗ, ಚೀಲದಿಂದ ತನ್ನ ಚಿತ್ರಗಳ ಪುಸ್ತಕ ತೆಗೆದಳು. ಕಂಡದ್ದನ್ನೆಲ್ಲ ಬರೆದಿಡುವುದು ಅವಳ ಚಾಳಿ, ಕಸವನ್ನೂ ಬಿಡುತ್ತಿರಲಿಲ್ಲ. ಎಡಪುಟದಲ್ಲಿ ಐದು ವಾರದ ಹಿಂದಿನ ಗೋಡೆಪಾಚಿ. ಬಲಪುಟದಲ್ಲಿ ಟ್ಯಾಂಕಿನ ಹನಿ. ಅಡಿಗೋಲು ಕೈಯಲ್ಲೇ ಇತ್ತು. ಎಡಗಡೆ ಗಾಲಿಜೀವಿಯ ಪಕ್ಕ ಕೆಂಪು ಪುಡಿ, ಹಲ್ಲುಹಲ್ಲಾದ ಎಲೆಯ ಚೂರು. ಬಲಗಡೆ ಗಾಲಿಜೀವಿಯ ಪಕ್ಕ ಕೆಂಪು ಪುಡಿ, ಹಲ್ಲುಹಲ್ಲಾದ ಎಲೆಯ ಚೂರು, ಅದರ ಮುಂದೆ ಅವಳದೇ ಅಕ್ಷರದಲ್ಲಿ 'ಕಸ'. ಮುಚ್ಚಿದ ಸಿಮೆಂಟಿನ ಟ್ಯಾಂಕಿನೊಳಗೆ ಗೋಡೆಪಾಚಿಯ ಎಲೆ ಎಲ್ಲಿಂದ ಬರಬೇಕು? ಪ್ರತಿ ಮೂಲಕ್ಕೆ ಸರಿಯಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಎರಡು ಪುಟ ಹೊಂದಿಕೊಂಡದ್ದಕ್ಕೆ ಅವಳು ಪುಸ್ತಕ ಮುಚ್ಚಿಬಿಟ್ಟಳು.

ಆ ಪಾಚಿಯನ್ನು ತಂದುಕೊಟ್ಟವನೇ ನೀರಣ್ಣ. ಅರವತ್ತು ದಾಟಿದ ಒಣಕಲು ಮನುಷ್ಯ, ಮೂರು ತಿಂಗಳಿಗೊಮ್ಮೆ ಟ್ಯಾಂಕಿಗಿಳಿದು ತಿಕ್ಕುವವನು, ದಿನಾ ಬೆಳಿಗ್ಗೆ ಪಂಪು ಹಾಕುವವನು. ತಾರಸಿಯ ಗೋಡೆಯ ಮೇಲೆ ಅವಳು ಚಾಕುವಿನಲ್ಲಿ ಹಸಿರು ಕೆರೆಯುತ್ತಿದ್ದುದನ್ನು ಎರಡು ವರ್ಷದ ಹಿಂದೆ ಒಮ್ಮೆ ನೋಡಿ, "ಏನಮ್ಮ, ಪಲ್ಯ ಮಾಡ್ತೀರಾ?" ಎಂದು ಕೇಳಿದ್ದ. ಆಮೇಲಿಂದ ಗೋಡೆ ತೊಳೆಯುವಾಗೆಲ್ಲ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ತಂದು, ಹೊಸ್ತಿಲ ಹೊರಗೇ ನಿಂತು, "ತಗೊಳಿ, ನಿಮ್ಮ ಪಲ್ಯ," ಎನ್ನುತ್ತಿದ್ದ. ಅವಳು ಬಾಗಿಲನ್ನು ಒಂದು ಗೇಣು ತೆರೆದು ಈಸಿಕೊಳ್ಳುತ್ತಿದ್ದಳು. ಅವನ ಕಾಲು ಯಾವಾಗಲೂ ಒದ್ದೆ. ಬಾಗಿಲ ಸಂದಿನಿಂದ ಅವನ ಕಣ್ಣು ಮೇಜಿನ ಮೇಲಿನ ಕರಿ ಯಂತ್ರದತ್ತ ಹೋಗುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ಇವತ್ತಲ್ಲ, ಇನ್ನೊಮ್ಮೆ ತೋರಿಸಿದರಾಯಿತು ಎಂದುಕೊಳ್ಳುತ್ತಿದ್ದಳು. ಎರಡು ವರ್ಷದಲ್ಲಿ ಆ ಇನ್ನೊಮ್ಮೆ ಬರಲಿಲ್ಲ.

ಇವತ್ತು ಸಂಜೆ ಐದಕ್ಕೆ ಅವನು ಬೀಗದ ಕೈಗಳನ್ನು ಒಪ್ಪಿಸಿ ಹೋಗುತ್ತಾನೆ. ಮಧ್ಯಾಹ್ನವೆಲ್ಲ ಅವಳು ಕೋಣೆಯಲ್ಲಿ ಅತ್ತಿಂದಿತ್ತ ನಡೆದಳು. ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಗೊತ್ತಿರುವುದು ಆ ಹನಿಗೆ. ಹನಿಯನ್ನು ಒರೆಸಿದರೆ ಮುಗಿಯಿತು. ಬಟ್ಟೆಯ ಚೂರನ್ನು ಕೈಯಲ್ಲಿ ಹಿಡಿದೂ ಆಯಿತು. ಹೇಳಿದರೆ ಏನಾಗುತ್ತದೆ? ಭೂತಗನ್ನಡಿಗೆ ಕಾಣುವುದಿಲ್ಲ ಎನ್ನುತ್ತಾರೆ. ಮತ್ತೆ ಯಾರೂ ಬಾಗಿಲು ತಟ್ಟುವುದಿಲ್ಲ. ಹಾಗೆ ನೋಡಿದರೆ ಹೋದ ಭಾನುವಾರದಿಂದೀಚೆಗೆ ಯಾರಾದರೂ ತಟ್ಟಿದ್ದಾರೆಯೇ? ಎದುರುಮನೆಯಾಕೆ ಮಂಗಳವಾರ ಮೆಟ್ಟಿಲಲ್ಲಿ ಸಿಕ್ಕಾಗ ತಲೆಯಾಡಿಸಿದ್ದಳು, ಅಷ್ಟೇ. ಅದನ್ನೇ ಇವಳು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದ್ದಳು. ನಾಲ್ಕೂವರೆಗೆ ಬಟ್ಟೆಯ ಚೂರನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ ಮೂರನೆಯ ಮಹಡಿಗೆ ಇಳಿದಳು.

"ಬನ್ನಿ ಬನ್ನಿ, ವಿಜ್ಞಾನಿಗಳು," ಎಂದ ಕಾರ್ಯದರ್ಶಿ. ಸೋಫಾದ ಮೇಲೆ ಮೊಮ್ಮಗು ಒಂದು ಚಮಚವನ್ನು ಜಗಿಯುತ್ತ ಕೂತಿತ್ತು. ಅವಳು ನಿಂತೇ ಹೇಳಿದಳು. "ಆ ಹುಳ ಟ್ಯಾಂಕಿಂದಲ್ಲ."

"ಮತ್ತೆ?"

"ನನ್ನ ಡ್ರಾಪರಿಂದು. ಅದರಲ್ಲಿ ಮೊದಲು ಪಾಚಿ ನೀರು ತೆಗೆದಿದ್ದೆ. ಒಣಗಿ ಅಂಟಿಕೊಂಡಿತ್ತು."

"ಒಣಗಿದ ಮೇಲೆ ಸಾಯಬೇಕಲ್ಲ?"

"ಸಾಯಲ್ಲ. ಅದು ಗೊತ್ತಿದ್ದೂ ನೋಡಲಿಲ್ಲ ನಾನು. ನಿಮ್ಮ ಟ್ಯಾಂಕಿನ ನೀರಲ್ಲಿ ಏನೂ ಇಲ್ಲ. ಹನ್ನೆರಡು ಹನಿ ನೋಡಿದೀನಿ. ಇದ್ದಿದ್ರೂ ಅದರಿಂದ ಯಾರಿಗೂ ಏನೂ ಆಗಲ್ಲ."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಇದನ್ನ ಯಾರಿಗಾದ್ರೂ ಹೇಳಿದೀರಾ?"

"ಇಲ್ಲ."

"ಒಳ್ಳೇದಾಯ್ತು. ಕೂತ್ಕೊಳ್ಳಿ. ನೋಡಿ, ಅವನಿಗೂ ವಯಸ್ಸಾಯ್ತು. ಏಣಿಯಿಂದ ಬಿದ್ರೆ ನಮ್ಮ ತಲೆಗೆ ಬರುತ್ತೆ. ಕಂಪನಿಯವರ ಹತ್ರ ಎರಡು ತಿಂಗಳ ಹಿಂದೇನೇ ಮಾತಾಗಿತ್ತು. ಸುಮ್ಮನೆ ಹೋಗು ಅನ್ನೋಕಾಗುತ್ತಾ? ಒಂದು ಕಾರಣ ಬೇಕಿತ್ತು. ನೀವು ಕೊಟ್ರಿ."

"ಮಗೂಗೆ ಹೊಟ್ಟೆ..."

"ಅದು ಹಲ್ಲು ಬರೋ ಕಾಟವಂತೆ," ಎಂದು ಒಳಗಿನಿಂದ ಅವನ ಹೆಂಡತಿ ಹೇಳಿದಳು. "ಬುಧವಾರವೇ ಡಾಕ್ಟ್ರು ಹೇಳಿದ್ರು. ಕಾಫಿ ಕುಡೀತೀರಾ?"

ಬೇಡವೆಂದಳು. ಮೆಟ್ಟಿಲಿಳಿಯುವಾಗ ಅವಳಿಗೆ ಬಂದದ್ದು ಸಿಟ್ಟಲ್ಲ. ಆ ಆರು ಜನರಲ್ಲಿ ಐವರು ನೀರಲ್ಲಿ ಏನಿದೆಯೆಂದು ನೋಡಲು ಬಂದಿದ್ದರು, ಆರನೆಯವನಾದ ಕಾರ್ಯದರ್ಶಿ ನೋಡಲೆಂದು ಬಂದಿರಲೇ ಇಲ್ಲ. ಹೌದು ಎಂಬ ಒಂದು ಮಾತನ್ನು ಒಯ್ಯಲು ಬಂದಿದ್ದ. ಅವಳು ಅದಕ್ಕೆಂದು ದುಪ್ಪಟಿ ಹಾಸಿದ್ದಳು. ಫಲಕದ ಮುಂದೆ ನಿಂತು ಕೆಂಪು ಪೆನ್ನು ತೆಗೆದಳು. 'ಸೂಕ್ಷ್ಮದರ್ಶಕದ' ಎಂಬಲ್ಲಿಂದ 'ಕಂಡುಬಂದಿರುವುದರಿಂದ' ಎಂಬವರೆಗೆ ನೆಟ್ಟಗೆ ಒಂದು ಗೆರೆ ಎಳೆದು, ಅಂಚಿನಲ್ಲಿ ತೆಗೆದುಹಾಕಿ ಎಂಬುದಕ್ಕೆ ಹಾಕುವ ಸುರುಳಿ ಗುರುತನ್ನು ಹಾಕಿದಳು. ಕೆಳಗೆ ಸಣ್ಣಗೆ ಬರೆದಳು: ಪರೀಕ್ಷೆ ತಪ್ಪು, ತಪ್ಪು ನನ್ನದು, ನಾಲ್ಕನೆಯ ಮಹಡಿ. ಆಮೇಲೆ ಚಾಳಿಯಂತೆ ಉಳಿದದ್ದನ್ನು ಒಮ್ಮೆ ಓದಿದಳು. ನೀರಿನ ಕೆಲಸದವರನ್ನು ಈ ಭಾನುವಾರದಿಂದ ಬಿಡಿಸಲಾಗಿದೆ. ಕಾರಣವನ್ನು ತೆಗೆದ ಮೇಲೂ ವಾಕ್ಯ ಅಲುಗದೆ ನಿಂತಿತ್ತು.

"ಏನಮ್ಮ, ಪರೀಕ್ಷೆ ಪೇಪರ್ ತಿದ್ತಿದೀರಾ?" ನೀರಣ್ಣ ಹಿಂದೆ ನಿಂತಿದ್ದ. ಇವತ್ತು ಇಸ್ತ್ರಿ ಮಾಡಿದ ಅಂಗಿ, ಒಣಗಿದ ಕಾಲು. ಕೈಯಲ್ಲಿ ಬೀಗದ ಕೈಗಳ ಗೊಂಚಲು. ಅವಳು ಅವನಿಗೂ ಹೇಳಿದಳು; ಕಾರ್ಯದರ್ಶಿಗೆ ಹೇಳಿದಷ್ಟು ಸರಾಗವಾಗಿ ಬರಲಿಲ್ಲ, ಡ್ರಾಪರು, ಒಣಗಿದ ಉಂಡೆ, ಇಪ್ಪತ್ತೆರಡು ನಿಮಿಷ, ಎಲ್ಲ ಹಿಂದುಮುಂದಾಯಿತು. ಅವನು ಕೇಳಿಸಿಕೊಂಡ.

"ಅಂದ್ರೆ ನಾನು ಕೊಟ್ಟ ಪಾಚೀದೇನಾ?"

"ಹೌದು."

"ನಾನೇ ತಂದುಕೊಟ್ಟೆ ಹಾಗಾದ್ರೆ." ಸ್ವಲ್ಪ ನಕ್ಕ. "ಮೇಲೆ ಹೇಳಿದ್ರಾ?"

"ಹೇಳಿದೆ. ಅವರು..."

"ಬಿಡಿ, ಗೊತ್ತಿತ್ತು. ಆ ಕಂಪನಿಯೋರು ಎರಡು ಸಲ ಬಂದು ಟ್ಯಾಂಕಿನ ಅಳತೆ ತಗೊಂಡು ಹೋದ್ರು. ಟೇಪಿನ ಇನ್ನೊಂದು ತುದಿ ಹಿಡಿದವನೇ ನಾನು." ಕೈಗಳ ಗೊಂಚಲನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಎರಡು ಬೀದಿ ಆಚೆ ಒಂದು ಕಟ್ಟಡ ಇದೆ, ಅಲ್ಲಿ ಕೇಳಿದೀನಿ. ಕೊಟ್ರೆ ಕೊಟ್ರು. ನಂಗೆ ಬೇಜಾರಾದದ್ದು ಅದಲ್ಲಮ್ಮ. ಅವತ್ತು ಎಲ್ಲರೂ ನಿಮ್ಮ ಮನೇಲಿ ನೋಡ್ತಿದ್ರಲ್ಲ, ನಾನು ಅಲ್ಲೇ ಮೆಟ್ಟಿಲ ಮೇಲೆ ಪೊರಕೆ ಹಿಡ್ಕೊಂಡು ನಿಂತಿದ್ದೆ. ಬಾಗಿಲು ತೆರೆದೇ ಇತ್ತು."

ಅವಳು ಅವನನ್ನು ನೋಡಿರಲಿಲ್ಲವೇ? ನೋಡಿದ್ದಳು. ಆರು ತಲೆಗಳ ಆಚೆ, ಚೌಕಟ್ಟಿನಲ್ಲಿ ಅರ್ಧ ಭುಜ, ಪೊರಕೆಯ ಹಿಡಿ. ಕಸ ಎಂದು ಬರೆದು ಪುಟ ತಿರುಗಿಸುವಷ್ಟು ಹೊತ್ತು ನೋಡಿದ್ದಳು.

"ಈಗ ಬನ್ನಿ," ಎಂದಳು. "ಇನ್ನೂ ಇದೆ ಅದು. ಅದೇ."

ಮೇಲೆ ಬಂದು ಅವನು ಅವಳ ಹೊಸ್ತಿಲ ಬಳಿ ನಿಂತು ಒಣಗಿದ ಕಾಲುಗಳನ್ನೇ ಮತ್ತೊಮ್ಮೆ ಒರೆಸಿಕೊಂಡ. ಅದನ್ನು ನೋಡಲಾಗದೆ ಅವಳು ಯಂತ್ರದಡಿಯ ಕನ್ನಡಿಯನ್ನು ಕಿಟಕಿಯತ್ತ ತಿರುಗಿಸಿ ಬೆಳಕು ಹಿಡಿದಳು. ಮಧ್ಯಾಹ್ನವೆಲ್ಲ ಆರದಂತೆ ಆಗಾಗ ನೀರು ಕೊಟ್ಟು ಉಳಿಸಿದ್ದ ಬೆಳಗಿನ ಹನಿಗೆ ಅಂಚಿನಲ್ಲಿ ಮತ್ತೊಂದಿಷ್ಟು ನೀರು ಕೊಟ್ಟು ಕುರ್ಚಿ ಎಳೆದುಕೊಟ್ಟಳು. ಅವನು ಬೀಗದ ಕೈಗಳನ್ನು ಮೇಜಿನ ಮೂಲೆಯಲ್ಲಿಟ್ಟು, ಉಸಿರು ಬಿಗಿಹಿಡಿದು ಬಗ್ಗಿದ.

"ಕಪ್ಪು ಗೆರೆ ಕಾಣುತ್ತೆ. ಉದ್ದುದ್ದ."

"ಅದು ನಿಮ್ಮ ರೆಪ್ಪೆ. ಮೊದಲ ಸಲ ಎಲ್ಲರಿಗೂ ಅದೇ ಕಾಣೋದು. ಸ್ವಲ್ಪ ಹಿಂದೆ ಬನ್ನಿ. ಇನ್ನೊಂದು ಕಣ್ಣನ್ನೂ ತೆರೆದೇ ಇಟ್ಕೊಳ್ಳಿ."

ಅವನು ಒಂಚೂರು ಹಿಂದೆ ಸರಿದ. ಆಮೇಲೆ ಅವನ ಬೆನ್ನು ಸಡಿಲಾಯಿತು. ಮೇಜಿನ ಅಂಚನ್ನು ಹಿಡಿದಿದ್ದ ಬೆರಳುಗಳು ಬಿಟ್ಟುಕೊಂಡವು. ಅವಳು ಕಾದಳು. ಅಬ್ಬಬ್ಬಾ ಎನ್ನಲಿಲ್ಲ, ಹುಳ ಎನ್ನಲಿಲ್ಲ. ದವಡೆ, ಕಾಲು, ಗಾಲಿಯಲ್ಲದ ಗಾಲಿ, ಎಲ್ಲ ಅವಳ ಬಾಯಿಗೆ ಬಂದವು, ಒಂದನ್ನೂ ಆಡಲಿಲ್ಲ. ಕೆಳಗಿನಿಂದ ಕಾರ್ಯದರ್ಶಿಯ ದನಿ ಮೆಟ್ಟಿಲುಗಳ ಮೇಲೇರಿ ಬಂತು. "ನೀರಣ್ಣಾ, ಕೀ ಎಲ್ಲಯ್ಯ? ಕಂಪನಿಯೋರು ಬಂದಿದಾರೆ." ನೀರಣ್ಣ ತಲೆಯೆತ್ತಲು ಹೊರಟ. ಅವಳು ಅವನ ಭುಜದ ಹತ್ತಿರ ಕೈಯೊಯ್ದು, ಮುಟ್ಟದೆ, ತಡೆದಳು. ಬಾಗಿಲಿಗೆ ಹೋಗಿ ಕೂಗಿದಳು. ಹದಿನಾಲ್ಕು ವರ್ಷದಲ್ಲಿ ಆ ಮೆಟ್ಟಿಲಲ್ಲಿ ಅವಳ ಗಂಟಲು ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು.

"ಇಲ್ಲಿದಾರೆ. ನೋಡ್ತಾ ಇದಾರೆ. ಕಾಯಲಿ."

ಎದುರುಮನೆಯ ಬಾಗಿಲು ಒಂದು ಗೇಣು ತೆರೆದು ಮುಚ್ಚಿಕೊಂಡಿತು. ಅವಳು ತನ್ನದನ್ನು ಪೂರ್ತಿ ತೆರೆದಿಟ್ಟು ಒಳಗೆ ಬಂದಳು.

"ಒಂದೇ ಇದೆಯಲ್ಲ," ಎಂದ ಅವನು, ಕಣ್ಣು ತೆಗೆಯದೆ.

"ಇನ್ನೊಂದಿತ್ತು. ಎಲ್ಲಿಗೆ ಹೋಯ್ತೋ."

"ಅಂಚಿನ ಕಡೆ ಹೋಗ್ತಾ ಇದೆ. ಹುಡುಕ್ತಾ ಇದೆ ಅನ್ಸುತ್ತೆ."  ಕಿಟಕಿಯ ಬೆಳಕು ಕನ್ನಡಿಯಿಂದ ಹನಿಯ ಮೂಲಕ ಹಾದು ಅವನ ಕಣ್ಣ ಸುತ್ತ ಒಂದು ಸಣ್ಣ ದುಂಡನೆಯ ಕಾಸಿನಷ್ಟು ಬಿದ್ದಿತ್ತು. ನಾಳೆಯಿಂದ ಪಂಪು ಹಾಕುವವರು ಬೇರೆ, ಗೋಡೆ ತೊಳೆಯುವವರು ಬೇರೆ. ಅವರು ಔಷಧ ಹಾಕಿ ತೊಳೆಯುತ್ತಾರೆ, ಹಸಿರು ಉಳಿಯುವುದಿಲ್ಲ. ಇಷ್ಟು ದಿನ ತಾನು ಕೂತು ನೋಡುತ್ತಿದ್ದ ಕುರ್ಚಿಯ ಹಿಂದೆ ನಿಂತರೆ ಕೋಣೆ ಹೀಗೆ ಕಾಣುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ: ಒಂದು ಮೇಜು, ಬಗ್ಗಿದ ಒಂದು ಬೆನ್ನು.

"ಆರ್ತಾ ಇದೆಯಮ್ಮ," ಎಂದ ನೀರಣ್ಣ. "ಮೈ ಒಳಗೆ ಎಳ್ಕೊಳ್ತಾ ಇದೆ. ಒಂದು ಹನಿ ಹಾಕಿ."

ಲೋಟದಲ್ಲಿ ಎರಡು ಡ್ರಾಪರುಗಳಿದ್ದವು. ಅವಳು ಹೊಸದನ್ನು ತೆಗೆದು, ಕುದಿಸಿ ಆರಿಸಿದ ನೀರನ್ನು ಎಳೆದುಕೊಂಡು, ಅವನ ಕಿವಿಯ ಪಕ್ಕದಿಂದ ಕೈ ಚಾಚಿ, ಗಾಜಿನ ಅಂಚಿಗೆ ತಾಗಿಸಿದಳು.

"ಹಾಂ," ಎಂದ ಅವನು. "ಈಗ ಸರಿಯಾಯ್ತು."